ಎಂಟುನೂರು ರೂಪಾಯಿಯ ಏರಿಕೆ ಮತ್ತು ಒಂದು ಮಗುವಿನ ಜ್ವರ

ಪಗಾರ ಏರಿದ ದಿನ ಮನೆಗೆ ಮಿಠಾಯಿ ಒಯ್ಯುವುದು ನಮ್ಮ ದುಡಿಮೆಗಾರರಲ್ಲಿ ಹಳೆಯ ಪದ್ಧತಿ. ನಮ್ಮ ಊರಿನ ನೂಲಿನ ಗಿರಣಿಯೊಂದರ ರಿಂಗ್ ಫ್ರೇಮ್ ಖಾತೆಯಲ್ಲಿ ದುಡಿಯುವ ಗೆಳೆಯನೊಬ್ಬನು 2023ರ ಮೇ ತಿಂಗಳ ಬಟವಾಡೆಯ ದಿನ ಕಾಲು ಕಿಲೋ ಮೈಸೂರು ಪಾಕು ಕಟ್ಟಿಸಿಕೊಂಡು ಮನೆಗೆ ಹೋದ. 20,800 ರೂಪಾಯಿ ಇದ್ದ ಅವನ ಪಗಾರ 21,600 ಆಗಿತ್ತು. ತಿಂಗಳಿಗೆ ಎಂಟುನೂರು ರೂಪಾಯಿ! ಹಿರಿಯ ಮಗಳ ಶಾಲೆಯ ಆಟೋ ಬಾಡಿಗೆಗೆ ಆಯಿತು ಎಂದು ಅವನ ಹೆಂಡತಿ ಲೆಕ್ಕ ಹಾಕಿದಳಂತೆ.

ಆ ಎಂಟುನೂರು ರೂಪಾಯಿ ಅವನ ಇಬ್ಬರು ಮಕ್ಕಳ ಔಷಧದ ಚೀಟಿಯನ್ನು ಕಿತ್ತುಕೊಂಡು ಹೋಗುತ್ತದೆಂದು ಅವನಿಗೆ ಅಂದು ಯಾರೂ ಹೇಳಲಿಲ್ಲ. ಹೇಳಬೇಕಾದವರಿಗೆ ಗೊತ್ತಿರಲಿಲ್ಲವೆಂದಲ್ಲ. ಗಿರಣಿಯ ಆಫೀಸಿನಲ್ಲಿ ಪಗಾರದ ಪಟ್ಟಿ ಬರೆಯುವವರಿಗೆ ಅದು ಚೆನ್ನಾಗಿ ಗೊತ್ತಿತ್ತು.

ಸಂಗತಿ ಇಷ್ಟು. ಇ.ಎಸ್.ಐ. ಎಂದು ನಾವೆಲ್ಲ ಕರೆಯುವ ಕಾರ್ಮಿಕ ವಿಮೆಗೆ ಪಗಾರದ ಒಂದು ಗೆರೆಯುಂಟು. 2017ರ ಜನವರಿ 1ರಿಂದ ಆ ಗೆರೆ 21,000 ರೂಪಾಯಿ. ಗೆರೆಯ ಒಳಗಿರುವವನಿಗೂ, ಅವನ ಹೆಂಡತಿಮಕ್ಕಳಿಗೂ, ಅವನನ್ನೇ ನಂಬಿದ ತಂದೆತಾಯಿಗೂ ವೈದ್ಯ, ಔಷಧಿ, ಆಸ್ಪತ್ರೆ ಎಲ್ಲವೂ ಉಂಟು. ಒಂದು ರೂಪಾಯಿ ದಾಟಿದರೆ ಯಾವುದೂ ಇಲ್ಲ. ತಕ್ಷಣ ಹೋಗುವುದಿಲ್ಲ ಎನ್ನುವುದು ನಿಜ. ಏಪ್ರಿಲಿನಿಂದ ಸೆಪ್ಟೆಂಬರ್, ಅಕ್ಟೋಬರಿನಿಂದ ಮಾರ್ಚ್ ಎಂದು ವಂತಿಗೆಯ ಎರಡು ಅವಧಿಗಳಿವೆ. ಮೇ ತಿಂಗಳಲ್ಲಿ ಗೆರೆ ದಾಟಿದವನ ಪಗಾರದಿಂದ ಸೆಪ್ಟೆಂಬರ್ ಕೊನೆಯವರೆಗೆ ವಂತಿಗೆ ಹಿಡಿಯುತ್ತಾರೆ. ಆ ವಂತಿಗೆಯ ಬಲದಿಂದ ಮುಂದಿನ ವರ್ಷದ ಜೂನ್ 30ರವರೆಗೆ ಚಿಕಿತ್ಸೆ ದೊರೆಯುತ್ತದೆ. ಹೀಗಾಗಿ ನಮ್ಮ ಗೆಳೆಯನಿಗೆ ಪೆಟ್ಟು ತಟ್ಟನೆ ತಿಳಿಯಲಿಲ್ಲ. ಹದಿಮೂರು ತಿಂಗಳು ಅವನ ಮಕ್ಕಳು ಅದೇ ಡಿಸ್ಪೆನ್ಸರಿಯಲ್ಲಿ ಅದೇ ಕೆಂಪು ಸಿರಪ್ ಕುಡಿದರು. 2024ರ ಜುಲೈ ತಿಂಗಳಲ್ಲಿ ಚಿಕ್ಕವಳಿಗೆ ಕೆಮ್ಮೆಂದು ಕರೆದುಕೊಂಡು ಹೋದಾಗ ಕಿಟಕಿಯಲ್ಲಿದ್ದವರು ಯಂತ್ರದಲ್ಲಿ ಅವನ ಸಂಖ್ಯೆ ಒತ್ತಿ ನೋಡಿ, "ನಿಮ್ಮದು ಮುಗಿದಿದೆಯಲ್ಲಪ್ಪಾ" ಎಂದರು.

ಈಗ ಲೆಕ್ಕಕ್ಕೆ ಬರೋಣ. ಲೆಕ್ಕವೆಂದರೆ ಬೇಸರಪಡುವ ಓದುಗರು ದಯವಿಟ್ಟು ಈ ಒಂದು ಪ್ಯಾರಾವನ್ನು ಸಹಿಸಿಕೊಳ್ಳಬೇಕು. ಈ ವಿಷಯದಲ್ಲಿ ಲೆಕ್ಕವನ್ನು ಬಿಟ್ಟರೆ ಉಳಿಯುವುದು ಬರೀ ಮರುಕ. ಮರುಕದಿಂದ ಯಾವ ಕಾಯಿದೆಯೂ ಬದಲಾದದ್ದಿಲ್ಲ. 2019ರ ಜುಲೈಯಿಂದ ಇ.ಎಸ್.ಐ. ವಂತಿಗೆಯ ದರ ದುಡಿಮೆಗಾರನಿಂದ ಪಗಾರದ ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲೀಕನಿಂದ ನೂರಕ್ಕೆ ಮೂರೂಕಾಲು ರೂಪಾಯಿ. 20,800 ರೂಪಾಯಿಯ ಮೇಲೆ ಗೆಳೆಯ ಕೊಡುತ್ತಿದ್ದುದು ತಿಂಗಳಿಗೆ 156 ರೂಪಾಯಿ. ಮಾಲೀಕ ಕೊಡುತ್ತಿದ್ದುದು 676. ಇಬ್ಬರದೂ ಸೇರಿ ವರ್ಷಕ್ಕೆ 9,984. ಈ ಹತ್ತು ಸಾವಿರದ ಒಳಗಿನ ದುಡ್ಡಿನಲ್ಲಿ ಇಡೀ ಕುಟುಂಬಕ್ಕೆ ಜ್ವರದ ಮಾತ್ರೆಯಿಂದ ಹಿಡಿದು ದೊಡ್ಡ ಶಸ್ತ್ರಚಿಕಿತ್ಸೆಯವರೆಗೆ ಖರ್ಚಿಗೆ ಮೇಲ್ಮಿತಿಯಿಲ್ಲದ ಚಿಕಿತ್ಸೆ ಇತ್ತು. ದುಡಿಯುವವನೇ ಹಾಸಿಗೆ ಹಿಡಿದರೆ ವರ್ಷದಲ್ಲಿ 91 ದಿನಗಳವರೆಗೆ ಪಗಾರದ ನೂರಕ್ಕೆ ಎಪ್ಪತ್ತರಷ್ಟು ಹಣವೂ ಇತ್ತು. ಏರಿಕೆಯಾದ ಮೇಲೆ ಅವನ ಕೈಗೆ ವರ್ಷಕ್ಕೆ 9,600 ರೂಪಾಯಿ ಹೆಚ್ಚು ಬಂತು, ಹಿಡಿಯುತ್ತಿದ್ದ 1,872 ರೂಪಾಯಿ ಉಳಿಯಿತು. ಒಟ್ಟು 11,472. ಈ ದುಡ್ಡಿನಲ್ಲಿ ಅವನು ಹೊರಗೆ ವಿಮೆ ಕೊಳ್ಳಬೇಕು. ಗಂಡ, ಹೆಂಡತಿ, ಇಬ್ಬರು ಮಕ್ಕಳಿಗೆ ಐದು ಲಕ್ಷದ ಪಾಲಿಸಿಗೆ ಏಜೆಂಟರು ಹೇಳಿದ್ದು ಹದಿನೈದು ಸಾವಿರ. ಅದರ ಮೇಲೆ ಆಗ ಶೇಕಡಾ 18ರ ತೆರಿಗೆ, 2,700. ಒಟ್ಟು 17,700. ಎಂದರೆ, ಪಗಾರ ಏರಿದ ಕಾರಣದಿಂದ ನಮ್ಮ ಗೆಳೆಯನಿಗೆ ವರ್ಷಕ್ಕೆ 6,228 ರೂಪಾಯಿ ನಷ್ಟ!

ಮಾಲೀಕನ ಕಡೆಯ ಲೆಕ್ಕವನ್ನೂ ನೋಡಿಬಿಡೋಣ. ಏಕಪಕ್ಷೀಯವಾಗಿ ಬರೆದರೆಂಬ ಮಾತು ಬೇಡ. ಏರಿಕೆಗಾಗಿ ಅವನು ವರ್ಷಕ್ಕೆ 9,600 ಕೊಟ್ಟ. ಇ.ಎಸ್.ಐ.ಗೆ ಕಟ್ಟುತ್ತಿದ್ದ 8,112 ರೂಪಾಯಿ ಅವನಿಗೆ ಉಳಿಯಿತು. ಅವನಿಗೆ ನಿಜವಾಗಿ ಬಿದ್ದ ಭಾರ ವರ್ಷಕ್ಕೆ 1,488, ತಿಂಗಳಿಗೆ 124 ರೂಪಾಯಿ. ಪಿ.ಎಫ್. ಲೆಕ್ಕ ಬೇರೆ, ಅದನ್ನು ಇಲ್ಲಿ ಎಳೆಯುವುದಿಲ್ಲ. ನೂರಿಪ್ಪತ್ತನಾಲ್ಕು ರೂಪಾಯಿ ಖರ್ಚು ಮಾಡಿ ಎಂಟುನೂರು ಕೊಟ್ಟ ಹೆಸರು ಪಡೆದ ಧಣಿಯನ್ನು ನಾನು ದೂರುವುದಿಲ್ಲ. ಗೆರೆಯನ್ನು ಎಳೆದವನು ಅವನಲ್ಲ. ಆದರೆ ಬಟವಾಡೆಯ ದಿನ ಕೈ ಕುಲುಕಿ ಅಭಿನಂದಿಸುವಾಗ ಈ ಒಂದು ಮಾತನ್ನು ಹೇಳಬಹುದಿತ್ತು.

ಜುಲೈ ಮೊದಲ ವಾರದಲ್ಲಿ ಗೆಳೆಯ ಸಾಲ ಮಾಡಿ ಪಾಲಿಸಿ ಮಾಡಿಸಿದ. ಮೂರನೆಯ ವಾರ ಚಿಕ್ಕ ಮಗಳಿಗೆ ಜ್ವರ ಬಂತು. ಅದು ಯಾವ ವರ್ಷವೆಂದು ನೆನಪಿಸಿಕೊಳ್ಳಿ. 2024ರ ಮಳೆಗಾಲದಲ್ಲಿ ಡೆಂಗೀ ಜ್ವರ ನಾಡಿನಾದ್ಯಂತ ಹಬ್ಬಿ, ಖಾಸಗಿ ಪ್ರಯೋಗಾಲಯಗಳು ಬಾಯಿಗೆ ಬಂದ ದರ ಕೇಳುತ್ತಿದ್ದುದರಿಂದ ಸರಕಾರ ಎರಡು ಪರೀಕ್ಷೆಗೂ ಸೇರಿ 600 ರೂಪಾಯಿ ಎಂದು ಮಿತಿ ಹಾಕಬೇಕಾಯಿತು. ಸೆಪ್ಟೆಂಬರಿನಲ್ಲಿ ಅದನ್ನು ಸಾಂಕ್ರಾಮಿಕವೆಂದು ಸಾರಿತು. ಜಿಲ್ಲಾಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಒಂದು ಮಂಚಕ್ಕೆ ಇಬ್ಬರು ಮಕ್ಕಳು. ಗೆಳೆಯ ನೋಡಿದ, ಹೆದರಿದ, ಮಗುವನ್ನು ಎತ್ತಿಕೊಂಡು ನರ್ಸಿಂಗ್ ಹೋಮಿಗೆ ಓಡಿದ. ಕೈಯಲ್ಲಿ ಪಾಲಿಸಿ ಇದೆಯೆಂಬ ಧೈರ್ಯ ಅವನಿಗೆ. ನಾಲ್ಕು ದಿನ ಗ್ಲೂಕೋಸ್ ಏರಿಸಿದರು, ದಿನಕ್ಕೆರಡು ಬಾರಿ ರಕ್ತ ತೆಗೆದು ಕಣಗಳನ್ನು ಎಣಿಸಿದರು. ಮಗು ಉಳಿಯಿತು. ಬಿಲ್ಲು ನಲವತ್ತು ಸಾವಿರ. ವಿಮಾ ಕಂಪನಿಯಿಂದ ಬಂದ ಉತ್ತರ ಒಂದೇ ಸಾಲು: ಪಾಲಿಸಿ ಮಾಡಿಸಿದ ಮೊದಲ ಮೂವತ್ತು ದಿನ ಅಪಘಾತದ ಹೊರತು ಯಾವ ಕಾಯಿಲೆಗೂ ಹಣವಿಲ್ಲ.

ಆ ನಿಯಮ ಪಾಲಿಸಿಯ ಕಾಗದದಲ್ಲಿ ಅಚ್ಚಾಗಿಯೇ ಇದೆ. ಕಂಪನಿ ಮೋಸ ಮಾಡಿತೆಂದು ನಾನು ಹೇಳಲಾರೆ. ಕಾಯಿಲೆ ಬಂದ ಮೇಲೆ ಓಡಿಬಂದು ವಿಮೆ ಕೊಳ್ಳುವವರನ್ನು ತಡೆಯಲು ಆ ನಿಯಮ ಮಾಡಿದ್ದಾರೆ. ವ್ಯಾಪಾರದ ದೃಷ್ಟಿಯಿಂದ ಅದು ಸರಿಯೂ ಇರಬಹುದು. ಆದರೆ ಏಳು ವರ್ಷದ ಮಗು ತನ್ನ ಜ್ವರವನ್ನು ಮೂವತ್ತು ದಿನ ಮುಂದೂಡಲಾರದು. ನಲವತ್ತು ಸಾವಿರವನ್ನು ಗೆಳೆಯ ನೂರಕ್ಕೆ ಐದರಂತೆ ತಿಂಗಳ ಬಡ್ಡಿಗೆ ತಂದ. ತಿಂಗಳಿಗೆ ಬಡ್ಡಿಯೇ ಎರಡು ಸಾವಿರ. ಏರಿದ ಪಗಾರ ಎಂಟುನೂರು. ಹಿರಿಯ ಮಗಳ ಶಾಲೆಯ ಆಟೋ ನಿಂತಿತು. ಅವಳು ಈಗ ಎರಡೂವರೆ ಮೈಲಿ ನಡೆದು ಹೋಗುತ್ತಾಳೆ. ಚಿಕ್ಕವಳು ಕೆಮ್ಮಿದರೆ ಮೊದಲು ಮನೆಯಲ್ಲಿ ಕಷಾಯ, ಎರಡನೆಯ ದಿನ ಮೆಡಿಕಲ್ ಶಾಪಿನವನು ಕೊಟ್ಟ ಮಾತ್ರೆ, ಮೂರನೆಯ ದಿನ ದೇವರ ಮೇಲೆ ಭಾರ, ನಾಲ್ಕನೆಯ ದಿನ ವೈದ್ಯರು. ಮೊದಲು ಇವೆಲ್ಲ ಇರಲಿಲ್ಲ. ಕೆಮ್ಮಿದ ದಿನವೇ ಡಿಸ್ಪೆನ್ಸರಿಗೆ ಹೋಗುತ್ತಿದ್ದರು. ವಿಮೆಯ ಬೆಲೆ ಮಗುವಿನ ಮೈಗೆ ತಟ್ಟುವುದು ಹೀಗೆ, ಈ ಮೂರು ದಿನಗಳ ತಡದಲ್ಲಿ. ಇದು ಯಾವ ವರದಿಯಲ್ಲಿಯೂ ಅಂಕಿಯಾಗಿ ಕಾಣುವುದಿಲ್ಲ.

ಈ ಗೆರೆ ಎಲ್ಲಿಂದ ಬಂತೆಂದು ಕೇಳುವವರಿಗೆ ಸ್ವಲ್ಪ ಹಿಂದಿನ ಕಥೆ ಹೇಳಬೇಕು. ಪ್ರೊ. ಬಿ. ಪಿ. ಅಡಾರ್ಕರ್ ಅವರು 1944ರಲ್ಲಿ ಕೈಗಾರಿಕಾ ಕಾರ್ಮಿಕರ ಆರೋಗ್ಯ ವಿಮೆಯ ಬಗ್ಗೆ ವರದಿ ಕೊಟ್ಟರು. ಅದರ ಬುಡದಿಂದ ಹುಟ್ಟಿದ್ದು 1948ರ ಕಾಯಿದೆ. 1952ರ ಫೆಬ್ರುವರಿ 24ರಂದು ಕಾನ್ಪುರ ಮತ್ತು ದೆಹಲಿಗಳಲ್ಲಿ ಅದು ಆರಂಭವಾಯಿತು. 1958ರಲ್ಲಿ ಬೆಂಗಳೂರಿಗೆ ಬಂತು. ಮೊದಮೊದಲು ಚಿಕಿತ್ಸೆ ದುಡಿಯುವವನಿಗೆ ಮಾತ್ರವಿತ್ತು, ಮನೆಯವರಿಗಿರಲಿಲ್ಲ. ಹೆಂಡತಿಮಕ್ಕಳನ್ನು ಅದರೊಳಗೆ ಸೇರಿಸಿದ್ದು 1958ರಿಂದ. ಮಗುವಿಗೆ ಕಾಯಿಲೆಯಾದರೆ ತಂದೆ ಗಿರಣಿಗೆ ಬಂದೂ ಬಾರದಂತೆ, ಅವನ ಕೈ ಯಂತ್ರದ ಮೇಲಿದ್ದರೂ ಮನಸ್ಸು ಮನೆಯಲ್ಲಿರುತ್ತದೆ ಎಂಬುದನ್ನು ಅಂದಿನವರು ಅರಿತರು. ಕಾಯಿದೆಯಾದಾಗ ಗೆರೆ ತಿಂಗಳಿಗೆ 400 ರೂಪಾಯಿ. ಆಮೇಲೆ 1966ರಲ್ಲಿ 500, 1975ರಲ್ಲಿ 1,000, 1985ರಲ್ಲಿ 1,600, 1992ರಲ್ಲಿ 3,000, 1997ರಲ್ಲಿ 6,500, 2004ರಲ್ಲಿ 7,500, 2006ರಲ್ಲಿ 10,000, 2010ರಲ್ಲಿ 15,000, 2017ರಲ್ಲಿ 21,000. ಈ ಸಾಲನ್ನು ನಿಧಾನವಾಗಿ ಓದಿರಿ. ಅಕ್ಕಿ ಬೇಳೆಯ ಬೆಲೆ ತಿಂಗಳು ತಿಂಗಳಿಗೆ ಏರುತ್ತದೆ. ತುಟ್ಟಿಭತ್ಯೆ ಅದರ ಹಿಂದೆ ಏದುಸಿರು ಬಿಡುತ್ತಾ ಓಡುತ್ತದೆ. ಗೆರೆ ಮಾತ್ರ ಆರೇಳು ವರ್ಷಕ್ಕೊಮ್ಮೆ ನಿದ್ದೆಯಿಂದೆದ್ದು ಒಂದು ಹೆಜ್ಜೆ ಇಡುತ್ತದೆ. ನಡುವಿನ ವರ್ಷಗಳಲ್ಲಿ ತುಟ್ಟಿಭತ್ಯೆ ಏರಿದ ಪಾಪಕ್ಕೆ ಸಾವಿರಾರು ಸಂಸಾರಗಳು ಗೆರೆಯ ಆಚೆ ಬೀಳುತ್ತವೆ. ಅವರೇನು ಶ್ರೀಮಂತರಾದರೇ? ಕೊಳ್ಳುವ ಶಕ್ತಿಯಲ್ಲಿ ಅವರು ನಿಂತಲ್ಲೇ ನಿಂತಿದ್ದಾರೆ. 2024ರಲ್ಲಿ ನಮ್ಮ ಗೆಳೆಯನ ಮಗಳು ಹಾಸಿಗೆ ಹಿಡಿದಾಗ ಗೆರೆಗೆ ಏಳು ವರ್ಷ ತುಂಬಿತ್ತು. ಮಗುವಿಗೂ ಗೆರೆಗೂ ಒಂದೇ ವಯಸ್ಸು. ಮಗು ಮಾತ್ರ ಬೆಳೆದಿತ್ತು.

ಗುತ್ತಿಗೆಯ ಮೇಲೆ ದುಡಿಯುವವರ ಪಾಡು ಇನ್ನೂ ಬೇರೆ. ಅವರು ಗೆರೆಯ ಒಳಗೇ ಇರುತ್ತಾರೆ. ಆದರೆ ಹೃದಯದ ಶಸ್ತ್ರಚಿಕಿತ್ಸೆಯಂಥ ದೊಡ್ಡ ಚಿಕಿತ್ಸೆ ಮನೆಯವರಿಗೆ ಬೇಕೆಂದರೆ, 2018ರಲ್ಲಿ ನಿಯಮವನ್ನು ಸಡಿಲಿಸಿದ ಮೇಲೆಯೂ, ಒಂದು ವರ್ಷದ ನೌಕರಿಯನ್ನೂ 156 ದಿನಗಳ ವಂತಿಗೆಯನ್ನೂ ಕೇಳಿದರು. ಹನ್ನೊಂದು ತಿಂಗಳಿಗೊಮ್ಮೆ ಹೆಸರು ಕಿತ್ತು ಬೇರೆ ಗುತ್ತಿಗೆದಾರನ ಪಟ್ಟಿಗೆ ಹಾಕಿಸಿಕೊಳ್ಳುವವನು ಆ ಒಂದು ವರ್ಷವನ್ನು ತೋರಿಸುವುದು ಎಲ್ಲಿಂದ?

ಗಿರಣಿಯವರ ಮಾತು ಸಾಕು; ನಮ್ಮ ಪತ್ರಿಕೆಯನ್ನು ಅಂಗಡಿಯ ಗಲ್ಲಾದ ಮೇಲಿಟ್ಟು ಓದುವ ಸಣ್ಣ ವರ್ತಕರ ಕಡೆಗೆ ಬರುತ್ತೇನೆ. ಇವರಿಗೆ ಇ.ಎಸ್.ಐ. ಗೆರೆಯ ಚಿಂತೆಯೇ ಇಲ್ಲ, ಏಕೆಂದರೆ ಆ ಮನೆಯ ಬಾಗಿಲೇ ಇವರಿಗೆ ತೆರೆದಿಲ್ಲ. ತಾನೇ ಮಾಲೀಕ, ತಾನೇ ಹಮಾಲ. ಹತ್ತು ಜನ ಆಳುಗಳಿರುವ ಅಂಗಡಿ ನಮ್ಮ ಪೇಟೆಯಲ್ಲಿ ಎಷ್ಟಿವೆ? ಇವರಿಗಿರುವುದು ಪಡಿತರ ಚೀಟಿಯ ಗೆರೆ. ವರ್ಷಕ್ಕೆ 1.20 ಲಕ್ಷ ರೂಪಾಯಿಗಿಂತ ಕಡಿಮೆ ಆದಾಯವಿದ್ದರೆ ಬಿ.ಪಿ.ಎಲ್.; ಆ ಕುಟುಂಬಕ್ಕೆ 2018ರಲ್ಲಿ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ. ಗೆರೆಯ ಮೇಲಿದ್ದರೆ ಎ.ಪಿ.ಎಲ್.; ಆಗ ಸರಕಾರ ಗೊತ್ತುಪಡಿಸಿದ ದರದ ನೂರಕ್ಕೆ ಮೂವತ್ತು ಭಾಗ ಮಾತ್ರ ಸರಕಾರದ್ದು, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಒಂದು ಲಕ್ಷದ ಚಿಕಿತ್ಸೆಯಾದರೆ ಎಪ್ಪತ್ತು ಸಾವಿರ ಅಂಗಡಿಯವನ ತಲೆಯ ಮೇಲೆ. 1.20 ಲಕ್ಷವೆಂದರೆ ತಿಂಗಳಿಗೆ ಹತ್ತು ಸಾವಿರ. ಹತ್ತು ಸಾವಿರದಲ್ಲಿ ನಾಲ್ಕು ಜನರ ಸಂಸಾರ ನಡೆಸಿ ತೋರಿಸಿರೆಂದು ಈ ಅಂಕಿಯನ್ನು ಕಾಗದದ ಮೇಲಿಟ್ಟವರನ್ನು ಕೇಳಬೇಕು. 2024ರ ನವೆಂಬರಿನಲ್ಲಿ ಈ ಗೆರೆಯನ್ನು ಹಿಡಿದು ಚೀಟಿಗಳನ್ನು ರದ್ದು ಮಾಡಲು ಹೊರಟಾಗ ನಾಡಿನಲ್ಲಿ ಎದ್ದ ಗಲಭೆ ನಿಮಗೆ ನೆನಪಿದೆ. ತೆರಿಗೆ ಕಟ್ಟುವವರು ಮತ್ತು ಸರಕಾರಿ ನೌಕರರನ್ನು ಬಿಟ್ಟು ಉಳಿದವರ ಚೀಟಿ ಮರಳಿಸುತ್ತೇವೆಂದು ಕಡೆಗೆ ಹೇಳಬೇಕಾಯಿತು. ಅಕ್ಕಿ ಹೋಗುತ್ತದೆಂದು ಜನ ಕೂಗಿದರೆಂದೇ ಎಲ್ಲರೂ ಬರೆದರು. ಆ ಚೀಟಿಯೊಂದಿಗೆ ಮಕ್ಕಳ ಆಸ್ಪತ್ರೆಯೂ ಹೋಗುತ್ತಿತ್ತೆಂದು ಬರೆದವರು ಕಡಿಮೆ.

ನಮ್ಮ ಪೇಟೆಯ ಕಿರಾಣಿ ಅಂಗಡಿಯ ಒಬ್ಬ ಹಿರಿಯರ ಮಗನಿಗೆ ಹನ್ನೊಂದು ವರ್ಷ. ಎಂಟನೆಯ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಇದು ದೊಡ್ಡವರಿಗೆ ಬರುವ, ಮಾತ್ರೆಯಿಂದ ತಗ್ಗುವ ಸಕ್ಕರೆ ಕಾಯಿಲೆಯಲ್ಲ. ಮೈಯಲ್ಲಿ ಇನ್ಸುಲಿನ್ ಹುಟ್ಟುವುದೇ ನಿಂತುಹೋಗುವ ಮೊದಲನೆಯ ಬಗೆಯದು. ದಿನಕ್ಕೆ ಮೂರು ನಾಲ್ಕು ಬಾರಿ ಸೂಜಿ. ಅದಕ್ಕೂ ಮೊದಲು ಪ್ರತಿ ಸಲ ಬೆರಳು ಚುಚ್ಚಿ ಪಟ್ಟಿಯ ಮೇಲೆ ರಕ್ತದ ಹನಿ ಇಟ್ಟು ನೋಡಬೇಕು. ಬದುಕಿರುವವರೆಗೆ ಇದು ತಪ್ಪದು. ತಪ್ಪಿಸದಿದ್ದರೆ ಹುಡುಗ ಎಲ್ಲರಂತೆ ಓದುತ್ತಾನೆ, ಆಡುತ್ತಾನೆ, ಮುದುಕನೂ ಆಗುತ್ತಾನೆ. ತಿಂಗಳಿಗೆ ನಾಲ್ಕೈದು ಸಾವಿರ ರೂಪಾಯಿ ಬೇಕು ಎನ್ನುತ್ತಾರೆ ಆ ಹಿರಿಯರು.

ಅವರ ಹತ್ತಿರ ವಿಮಾ ಪಾಲಿಸಿ ಇತ್ತು, ಈಗಲೂ ಇದೆ. ಒಂದು ಕಂತನ್ನೂ ತಪ್ಪಿಸಿದವರಲ್ಲ. ಆ ಪಾಲಿಸಿ ಇನ್ಸುಲಿನ್‌ಗೆ ಒಂದು ಪೈಸೆಯನ್ನೂ ಕೊಡುವುದಿಲ್ಲ. ರಕ್ತ ನೋಡುವ ಪಟ್ಟಿಗೆ ಕೊಡುವುದಿಲ್ಲ. ವೈದ್ಯರ ಫೀಜಿಗೆ ಕೊಡುವುದಿಲ್ಲ. ಇಪ್ಪತ್ತನಾಲ್ಕು ಗಂಟೆ ಆಸ್ಪತ್ರೆಯಲ್ಲಿ ಮಲಗಿದ್ದರೆ ಮಾತ್ರ ಅದು ಕಣ್ಣು ತೆರೆಯುತ್ತದೆ. ಮಕ್ಕಳ ಕಾಯಿಲೆಯ ಸ್ವಭಾವವೇ ಇದಕ್ಕೆ ವಿರುದ್ಧ. ನೆಗಡಿ, ಜ್ವರ, ಭೇದಿ, ಕಿವಿ ಸೋರುವುದು, ಉಬ್ಬಸ: ಹತ್ತರಲ್ಲಿ ಒಂಬತ್ತು ಸಲ ಮಗುವನ್ನು ತೋಳಿನ ಮೇಲೆ ಹಾಕಿಕೊಂಡು ಹೋಗಿ ತೋರಿಸಿಕೊಂಡು ಬರುವ ಕಾಯಿಲೆಗಳೇ. ಆ ಒಂಬತ್ತಕ್ಕೆ ದುಡ್ಡು ಕೊಡದ ವಿಮೆಯನ್ನು ಮಕ್ಕಳಿರುವ ಮನೆಗೆ ಮಾರುವುದೆಂದರೆ ಮಳೆಗಾಲದಲ್ಲಿ ಕೊಡೆಯನ್ನು ಬೀಗ ಹಾಕಿ ಮಾರಿದಂತೆ.

ಎರಡು ವರ್ಷದ ಹಿಂದೆ ವ್ಯಾಪಾರ ಕೆಟ್ಟಿತು. ಉದ್ರಿ ವಸೂಲಾಗಲಿಲ್ಲ, ಅಂಗಡಿಯ ಬಾಡಿಗೆ ಏರಿತು, ವಿಮೆಯ ಕಂತು ಕೂಡ ಆ ವರ್ಷವೇ ಏರಿತು. ಎಲ್ಲಿ ಕಡಿಮೆ ಮಾಡಬೇಕು? ವಿಮೆಯನ್ನು ಬಿಟ್ಟರೆ ಹೊಸದಾಗಿ ಮಾಡಿಸುವಾಗ ಹುಡುಗನ ಕಾಯಿಲೆ ಹಳೆಯದೆಂದು ಬರೆದುಕೊಂಡು ಕಾಯಿಸುತ್ತಾರೆ. ಈ ಕಾಯುವ ಅವಧಿ ಹಿಂದೆ ನಾಲ್ಕು ವರ್ಷದವರೆಗೆ ಇತ್ತು, 2024ರಲ್ಲಿ ಹೆಚ್ಚೆಂದರೆ ಮೂರು ವರ್ಷವೆಂದು ಇಳಿಸಿದರು. ಆದ್ದರಿಂದ ಕಂತನ್ನು ಕಟ್ಟಿದರು, ಪಟ್ಟಿಯನ್ನು ಕಡಿಮೆ ಮಾಡಿದರು. ದಿನಕ್ಕೆ ನಾಲ್ಕು ಸಲ ನೋಡುತ್ತಿದ್ದ ರಕ್ತವನ್ನು ಒಂದು ಸಲ ನೋಡಿದರು. ಅಂದಾಜಿನ ಮೇಲೆ ಸೂಜಿ ಹಾಕಿದರು. ಒಂದು ದಿನ ಹುಡುಗ ಶಾಲೆಯಲ್ಲಿ ವಾಂತಿ ಮಾಡಿಕೊಂಡ, ಉಸಿರು ಜೋರಾಯಿತು, ಕರೆದರೆ ಓಗೊಡಲಿಲ್ಲ. ಇನ್ಸುಲಿನ್ ಸಾಲದೆ ರಕ್ತ ಆಮ್ಲವಾಗುವ ಸ್ಥಿತಿ ಅದು. ಮೂರು ದಿನ ತೀವ್ರ ನಿಗಾ ಘಟಕದಲ್ಲಿ ಇಟ್ಟರು. ಆ ಬಿಲ್ಲಿನ ಬಹುಭಾಗವನ್ನು ವಿಮಾ ಕಂಪನಿ ಕೊಟ್ಟಿತು! ಪಟ್ಟಿಗೆ ಕೊಡದ ಕಂಪನಿ ಪ್ರಾಣಕ್ಕೆ ಬಂದಾಗ ಕೊಟ್ಟಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದೆಂದರೆ ಇದೇ. ಇದರಲ್ಲಿ ಕಂಪನಿಗೂ ನಷ್ಟ, ಹಿರಿಯರಿಗೂ ನಷ್ಟ. ಹುಡುಗನ ಮೈಗೆ ಆದದ್ದನ್ನು ನಷ್ಟವೆಂಬ ಮಾತಿನಲ್ಲಿ ಹೇಳಲಾಗದು.

ಇನ್ಸುಲಿನ್ ವಿಷಯ ಬಂದಾಗ ಒಂದು ಮಾತು ಹೇಳದಿರಲು ಮನಸ್ಸು ಒಪ್ಪದು. ಕೆನಡಾದ ಟೊರಾಂಟೊದಲ್ಲಿ 1921ರಲ್ಲಿ ಅದನ್ನು ಕಂಡುಹಿಡಿದರು. 1922ರ ಜನವರಿಯಲ್ಲಿ ಮೊದಲು ಅದನ್ನು ಪಡೆದವನು ಹದಿನಾಲ್ಕು ವರ್ಷದ ಒಬ್ಬ ಹುಡುಗ. ಕಂಡುಹಿಡಿದವರು ಅದರ ಹಕ್ಕನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟರು. ನೂರು ವರ್ಷ ಕಳೆದ ಮೇಲೆ ನಮ್ಮ ಪೇಟೆಯ ಅಂಗಡಿಕಾರನ ಮಗ ಅದೇ ಮದ್ದಿನ ಅಳತೆ ತಿಳಿಯುವ ಪಟ್ಟಿಗೆ ದುಡ್ಡಿಲ್ಲದೆ ಸಾಯುವಂತಾಗಿದ್ದ.

"ಈಗ ತೆರಿಗೆ ಹೋಗಿದೆಯಲ್ಲ" ಎಂದು ಕೆಲವರು ಹೇಳಬಹುದು. ಹೌದು, 2025ರ ಸೆಪ್ಟೆಂಬರ್ 22ರಿಂದ ವ್ಯಕ್ತಿಗಳೂ ಕುಟುಂಬಗಳೂ ತಾವೇ ಮಾಡಿಸುವ ಆರೋಗ್ಯ ಪಾಲಿಸಿಗಳ ಮೇಲಿನ ಜಿ.ಎಸ್.ಟಿ. ತೆಗೆದುಹಾಕಿದರು. ಕಾಯಿಲೆಯ ಭಯದ ಮೇಲೆ ನೂರಕ್ಕೆ ಹದಿನೆಂಟರಂತೆ ಎಂಟು ವರ್ಷ ತೆರಿಗೆ ಎತ್ತಿ ಕಡೆಗೆ ಬಿಟ್ಟದ್ದಕ್ಕೆ ಸಂತೋಷವೇ. ಆದರೆ ಗುಂಪು ವಿಮೆಗೆ ಆ ವಿನಾಯಿತಿ ಕೊಡಲಿಲ್ಲ. ಇಪ್ಪತ್ತು ಮೂವತ್ತು ಅಂಗಡಿಕಾರರು ಒಟ್ಟಾಗಿ ಸಂಘದ ಹೆಸರಿನಲ್ಲಿ ಅಗ್ಗಕ್ಕೆ ಪಾಲಿಸಿ ಮಾಡಿಸೋಣವೆಂದು ಹೊರಟರೆ ಅದೇ ಹದಿನೆಂಟು ಎದುರಿಗೆ ನಿಲ್ಲುತ್ತದೆ. ಒಬ್ಬೊಬ್ಬನಾಗಿ ಬಾ, ಬಿಡುತ್ತೇನೆ. ಒಟ್ಟಾಗಿ ಬಂದರೆ ದಂಡ!

ಇನ್ನು ಕಟ್ಟಿದ ಕಂತಿಗೆ ಪ್ರತಿಯಾಗಿ ಹಣ ಬರುವ ಭರವಸೆಯಾದರೂ ಎಷ್ಟು? ವಿಮಾ ನಿಯಂತ್ರಣ ಪ್ರಾಧಿಕಾರದ ವರದಿಯಲ್ಲೇ ಇರುವ ಅಂಕಿ: 2023-24ರಲ್ಲಿ ಆರೋಗ್ಯ ವಿಮಾ ಕಂಪನಿಗಳು ಜನ ಕೇಳಿದ ಹಣದಲ್ಲಿ 15,100 ಕೋಟಿ ರೂಪಾಯಿಗಳನ್ನು ಪಾಲಿಸಿಯ ಷರತ್ತುಗಳ ಹೆಸರಿನಲ್ಲಿ ಒಪ್ಪಲಿಲ್ಲ, ಕೇಳಿದ್ದರ ನೂರಕ್ಕೆ ಸುಮಾರು ಹದಿಮೂರರಷ್ಟು. ಷರತ್ತುಗಳನ್ನು ಓದಿ ಅರ್ಥಮಾಡಿಕೊಳ್ಳುವಷ್ಟು ವಿರಾಮ ಎರಡನೆಯ ಪಾಳಿ ಮುಗಿಸಿ ರಾತ್ರಿ ಹನ್ನೊಂದಕ್ಕೆ ಮನೆಗೆ ಬರುವವನಿಗೆ ಇದೆಯೇ ಎಂಬುದನ್ನು ಓದುಗರೇ ಹೇಳಲಿ.

ನಮ್ಮವರೇ ಆದ ಕೆಲವರು ಎತ್ತುವ ಆಕ್ಷೇಪವೊಂದಿದೆ. "ಇ.ಎಸ್.ಐ. ಡಿಸ್ಪೆನ್ಸರಿಯಲ್ಲಿ ಅರ್ಧ ದಿನ ನಿಲ್ಲಬೇಕು, ಔಷಧಿ ಇಲ್ಲವೆನ್ನುತ್ತಾರೆ, ಅಂಥದ್ದಕ್ಕೆ ಏಕೆ ಇಷ್ಟು ಹೋರಾಟ?" ಎನ್ನುತ್ತಾರೆ. ಆಕ್ಷೇಪ ಸುಳ್ಳಲ್ಲ. ನಾನೂ ಆ ಸರದಿಯಲ್ಲಿ ನಿಂತವನೇ. ಜಿಲ್ಲಾಸ್ಪತ್ರೆಯ ಮಂಚಕ್ಕೆ ಇಬ್ಬರು ಮಕ್ಕಳಿದ್ದುದನ್ನೂ ಮೇಲೆ ಬರೆದಿದ್ದೇನೆ. ಆದರೆ ಸರದಿ ಉದ್ದವಾಯಿತೆಂದು ಸರದಿಯಿಂದ ಹೊರಗೆ ದಬ್ಬಿಸಿಕೊಳ್ಳುವುದು ಪರಿಹಾರವೇ? ಅಲ್ಲಿ ಔಷಧಿ ಇಲ್ಲದಿದ್ದರೆ ಕೇಳಲು ಹಕ್ಕುಂಟು, ಏಕೆಂದರೆ ವಂತಿಗೆ ನಮ್ಮದು. ನಿಗಮದ ಆಡಳಿತ ಮಂಡಲಿಯಲ್ಲಿ ಕಾರ್ಮಿಕರ ಪ್ರತಿನಿಧಿಗಳಿಗೆ ಕುರ್ಚಿ ಇದೆ. ವಿಮಾ ಕಂಪನಿಯ ಆಡಳಿತ ಮಂಡಲಿಯಲ್ಲಿ ಜ್ವರ ಬಂದ ಮಗುವಿನ ತಂದೆಗೆ ಯಾವ ಕುರ್ಚಿ ಇದೆ? ಇ.ಎಸ್.ಐ. ಕೆಟ್ಟಿದ್ದರೆ ಅದನ್ನು ದುರಸ್ತಿ ಮಾಡಿಸಲು ಹೆಚ್ಚು ಜನ, ಹೆಚ್ಚು ಪಗಾರದವರೂ ಅದರೊಳಗೆ ಇರಬೇಕು. ಬಡವರಿಗೆಂದೇ ಇಟ್ಟ ಆಸ್ಪತ್ರೆ ಬಡ ಆಸ್ಪತ್ರೆಯಾಗಿಯೇ ಉಳಿಯುವುದನ್ನು ನಾವು ಸಾಕಷ್ಟು ಕಂಡಿದ್ದೇವೆ.

1946ರಲ್ಲಿ ಸರ್ ಜೋಸೆಫ್ ಭೋರ್ ಸಮಿತಿ ಕೊಟ್ಟ ವರದಿಯ ತಿರುಳೇ ಇದು: ಹಣ ಕೊಡುವ ಶಕ್ತಿಯಿಲ್ಲವೆಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು. ಆ ಸಮಿತಿಯ ಅಧ್ಯಕ್ಷರು ಬ್ರಿಟಿಷ್ ಸರಕಾರದ ಅಧಿಕಾರಿಯಾಗಿದ್ದವರೇ ಹೊರತು ನಮ್ಮ ಪಕ್ಷದವರಲ್ಲ. ಎರಡೇ ವರ್ಷದಲ್ಲಿ, 1948ರ ಜುಲೈ 5ರಂದು, ಯುದ್ಧದಿಂದ ದಿವಾಳಿಯೆದ್ದಿದ್ದ ಬ್ರಿಟನ್ ತನ್ನ ಪ್ರತಿಯೊಂದು ಮಗುವಿಗೂ ಬಿಟ್ಟಿ ಚಿಕಿತ್ಸೆ ಆರಂಭಿಸಿತು. ನಾವು ಇನ್ನೂ ಗೆರೆಗಳನ್ನು ಎಳೆಯುತ್ತಿದ್ದೇವೆ. ಬ್ರಿಟನ್ ಬೇಡವೆಂದರೆ, ವಿಮಾ ಕಂಪನಿಗಳ ತವರುಮನೆಯಾದ ಅಮೆರಿಕವನ್ನೇ ನೋಡಿರಿ. ಬಡವರ ಪಟ್ಟಿಗೆ ಸೇರುವಷ್ಟು ಬಡವರಲ್ಲ, ವಿಮೆ ಕೊಳ್ಳುವಷ್ಟು ಉಳ್ಳವರಲ್ಲ ಎಂಬ ನಡುವಿನ ಸಂಸಾರಗಳ ಮಕ್ಕಳಿಗಾಗಿಯೇ ಅವರು 1997ರಲ್ಲಿ ಬೇರೆ ಯೋಜನೆಯನ್ನು ಮಾಡಿದರು. 2024ರ ಜನವರಿ 1ರಿಂದ ಇನ್ನೊಂದು ನಿಯಮವನ್ನು ಎಲ್ಲ ರಾಜ್ಯಗಳಿಗೂ ಕಡ್ಡಾಯ ಮಾಡಿದರು: ಅಂಥ ಯೋಜನೆಗೆ ಒಮ್ಮೆ ಸೇರಿದ ಮಗುವನ್ನು, ನಡುವೆ ತಂದೆಯ ಪಗಾರ ಏರಿತೆಂದು, ಹನ್ನೆರಡು ತಿಂಗಳು ಹೊರಹಾಕುವಂತಿಲ್ಲ. ಅಲ್ಲಿಯೂ ಎಲ್ಲವೂ ಸರಿಯಿಲ್ಲ, ಅದು ಬೇರೆ ಮಾತು. ತಂದೆಯ ಪಗಾರವೇ ಬೇರೆ, ಮಗುವಿನ ಕಾಯಿಲೆಯೇ ಬೇರೆ ಎಂಬ ಇಷ್ಟು ವಿವೇಕ ಅವರಿಗೂ ಬಂದಿದೆ.

ನಮ್ಮ ದೇಶದಲ್ಲಿಯೂ ಆದಾಯ ನೋಡದೆ ಕೊಡಬಹುದೆಂದು ಒಪ್ಪಿದ್ದಾರೆ. 2024ರ ಅಕ್ಟೋಬರ್ 29ರಂದು ಕೇಂದ್ರ ಸರಕಾರ ಎಪ್ಪತ್ತು ವರ್ಷ ತುಂಬಿದ ಎಲ್ಲರಿಗೂ, ಬಡವ ಬಲ್ಲಿದನೆನ್ನದೆ, ಆಯುಷ್ಮಾನ್ ಯೋಜನೆಯ ಐದು ಲಕ್ಷವನ್ನು ಘೋಷಿಸಿತು. ಒಳ್ಳೆಯ ಕೆಲಸ, ನಮ್ಮ ಮನೆಯ ಹಿರಿಯರಿಗೆ ಸಲ್ಲಬೇಕಾದದ್ದೇ. ಎಪ್ಪತ್ತಕ್ಕೆ ಕೇಳದ ಆದಾಯದ ಚೀಟಿಯನ್ನು ಏಳಕ್ಕೆ ಏಕೆ ಕೇಳಬೇಕು? ಮಗುವಿಗೆ ಆದಾಯವೇ ಇಲ್ಲವಲ್ಲ! ಹದಿನೆಂಟು ವರ್ಷ ತುಂಬುವವರೆಗೆ ಪ್ರತಿ ಮಗುವಿಗೂ ಪಡಿತರ ಚೀಟಿಯ ಬಣ್ಣ ನೋಡದೆ ಅದೇ ಹಕ್ಕು ಬರಬೇಕು. ಅದರಲ್ಲಿ ಮಲಗಿಸಿದ ಮೇಲಿನ ಬಿಲ್ಲು ಮಾತ್ರವಲ್ಲ, ಇನ್ಸುಲಿನ್, ಅದರ ಪಟ್ಟಿ, ಉಬ್ಬಸದ ಪಂಪು, ಮೂರ್ಛೆಯ ಮಾತ್ರೆಗಳಂಥ ದಿನನಿತ್ಯದ ಮದ್ದೂ ಸೇರಬೇಕು. ಶಾಲೆ ಅಂಗನವಾಡಿಗಳಿಗೆ ಹೋಗಿ ಹದಿನೆಂಟರವರೆಗಿನ ಮಕ್ಕಳನ್ನು ಪರೀಕ್ಷಿಸುವ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದ್ದೇ ಇದೆ. ಕಾಯಿಲೆಯನ್ನು ಹುಡುಕುವ ಕಣ್ಣು ಇದೆ; ತಿಂಗಳು ತಿಂಗಳು ಮದ್ದು ಕೊಡುವ ಕೈ ಬೇಕು.

ಇ.ಎಸ್.ಐ. ವಿಷಯದಲ್ಲಿ ಇನ್ನೂ ಸುಲಭ. ಗೆರೆ ದಾಟಿದವನನ್ನು ಹೊರಹಾಕುವ ಬದಲು, ಗೆರೆಯ ಮಟ್ಟದ ಪಗಾರದ ಮೇಲೆ ವಂತಿಗೆ ಹಿಡಿದು ಒಳಗೇ ಇಟ್ಟುಕೊಳ್ಳಲಿ. 21,000ದ ಮೇಲೆ ಇಬ್ಬರದೂ ಸೇರಿ ತಿಂಗಳಿಗೆ 840 ರೂಪಾಯಿ. ನಮ್ಮ ಗೆಳೆಯ ತನ್ನ ಪಾಲನ್ನು ಸಂತೋಷದಿಂದ ಕೊಡುತ್ತಿದ್ದ. ಮಾಲೀಕನ ಪಾಲನ್ನೂ ತಾನೇ ಕೊಡುತ್ತೇನೆಂದು ಅವನು ನನ್ನೆದುರು ಹೇಳಿದ. "ಅಣ್ಣಾ, ಹದಿನೇಳು ಸಾವಿರ ಎಲ್ಲಿ, ಹತ್ತು ಸಾವಿರ ಎಲ್ಲಿ? ತಗೊಳ್ಳಿ ಅಂದ್ರೂ ತಗೊಳ್ಳೋರಿಲ್ಲ" ಎಂದ. 2025ರ ನವೆಂಬರ್ 21ರಂದು ಹಳೆಯ 1948ರ ಕಾಯಿದೆಯನ್ನು ನುಂಗಿಕೊಂಡು ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂತು. ಪಗಾರವೆಂದರೆ ಯಾವುದು, ಭತ್ಯೆಯೆಂದರೆ ಯಾವುದು ಎಂಬ ವ್ಯಾಖ್ಯೆಯೇ ಅದರಲ್ಲಿ ಬದಲಾಗಿದೆ. ಗೆರೆಯ ಅಂಚಿನಲ್ಲಿರುವವರಲ್ಲಿ ಯಾರು ಒಳಗೆ, ಯಾರು ಹೊರಗೆ ಎಂಬುದು ಪಗಾರದ ಚೀಟಿಯಲ್ಲಿ ಮೂಲ ವೇತನ ಎಷ್ಟು, ತುಟ್ಟಿಭತ್ಯೆ ಎಷ್ಟು, ಮನೆ ಬಾಡಿಗೆ ಎಷ್ಟು ಎಂದು ಬರೆದಿದ್ದಾರೆ ಎಂಬುದರ ಮೇಲೆ ನಿಂತಿದೆ. ಆದ್ದರಿಂದ ಗಿರಣಿಯ ಗೆಳೆಯರು ಈ ತಿಂಗಳ ಬಟವಾಡೆಯಲ್ಲಿ ಮೊತ್ತವನ್ನಷ್ಟೇ ನೋಡಿ ಚೀಟಿಯನ್ನು ಜೇಬಿಗೆ ತುರುಕಬಾರದು. ಅದನ್ನೂ ಅದರೊಂದಿಗೆ ಹಿಂದಿನ ವರ್ಷದ ಒಂದು ಚೀಟಿಯನ್ನೂ ಭಾನುವಾರ ಸಂಘದ ಆಫೀಸಿಗೆ ತರಬೇಕು. ನಮ್ಮ ಗೆಳೆಯನ ಚೀಟಿಗಳು ಈಗಾಗಲೇ ಮೇಜಿನ ಮೇಲಿವೆ.